ಹೆಣ್ಣುಮಕ್ಕಳ ಕೂದಲು ಕಸಿ: ಮುಂಗಡ ಕಟ್ಟುವ ಮೊದಲು ಮತ್ತು ಆಮೇಲೆ ಮಾಡಬೇಕಾದ ಕೆಲಸಗಳು

ಬೈತಲೆ ಅಗಲವಾಗುತ್ತ ಬಂದು ನೆತ್ತಿಯ ಚರ್ಮ ಬೆಳಕಿಗೆ ಕಾಣತೊಡಗಿದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಮೊದಲು ಎಣ್ಣೆ ಬದಲಿಸುತ್ತಾರೆ, ಆಮೇಲೆ ಶಾಂಪೂ ಬದಲಿಸುತ್ತಾರೆ, ಬಳಿಕ ಬಾವಿಯ ನೀರನ್ನು ದೂರುತ್ತಾರೆ. ಇಷ್ಟೆಲ್ಲ ಆಗಿ ಎರಡು ಮೂರು ವರ್ಷ ಕಳೆದ ಮೇಲೆ ಯಾವುದೋ ಕ್ಲಿನಿಕ್ಕಿನ ಜಾಹೀರಾತು ಕಣ್ಣಿಗೆ ಬಿದ್ದು, ಕೂದಲು ಕಸಿಯನ್ನೇ ಮಾಡಿಸಿಬಿಡೋಣ ಎಂಬ ಯೋಚನೆ ಬರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯವರಿಗೆ ತಲಪಾಡಿ ಗಡಿ ದಾಟಿದರೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳೂ ಮಂಗಳೂರಿನ ಆಸ್ಪತ್ರೆಗಳೂ ಹತ್ತಿರವಾದ್ದರಿಂದ ಕಸಿ ಮಾಡುವವರನ್ನು ಹುಡುಕುವುದು ಕಷ್ಟವೇನಲ್ಲ. ಕಷ್ಟವಿರುವುದು ಅದಕ್ಕೆ ಮೊದಲಿನ ಪ್ರಶ್ನೆಯಲ್ಲಿ: ನಿಮ್ಮ ತಲೆಗೆ ಕಸಿ ಒಗ್ಗುತ್ತದೆಯೇ ಎಂಬುದರಲ್ಲಿ. ಗಂಡಸರ ಬೋಳುತಲೆಗೆ ಹೊಂದುವ ಲೆಕ್ಕಾಚಾರ ಹೆಂಗಸರ ತಲೆಗೆ ಹಾಗೆಯೇ ಹೊಂದುವುದಿಲ್ಲ. ಕಸಿಗೆಂದು ಬರುವ ಹೆಂಗಸರಲ್ಲಿ ಅನೇಕರಿಗೆ ಪ್ರಾಮಾಣಿಕ ವೈದ್ಯರು ಹೇಳುವ ಉತ್ತರ ‘ಬೇಡ’ ಅಥವಾ ‘ಈಗ ಬೇಡ’ ಎಂಬುದೇ ಆಗಿರುತ್ತದೆ.

ಕಸಿಯ ಹಿಂದಿರುವ ತತ್ವ ಸರಳವಾದದ್ದು. ಹಿಂದಲೆಯಲ್ಲಿ, ಎರಡು ಕಿವಿಗಳ ನಡುವಿನ ಪಟ್ಟಿಯಲ್ಲಿ ಬೆಳೆಯುವ ಕೂದಲು ವಂಶವಾಹಿಯಾಗಿ ಬರುವ ಬೋಳುತನಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ಬೇರುಸಮೇತ ತೆಗೆದು ನೆತ್ತಿಯಲ್ಲಿ ನೆಟ್ಟರೂ ಅದು ತಾನು ಹುಟ್ಟಿದ ಜಾಗದ ಗುಣವನ್ನೇ ಉಳಿಸಿಕೊಂಡು ಬೆಳೆಯುತ್ತದೆ. ನ್ಯೂಯಾರ್ಕಿನ ಚರ್ಮರೋಗ ತಜ್ಞ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಮಾತು ವೈದ್ಯಲೋಕದಲ್ಲಿ ನೆಲೆಗೊಂಡಿತು. ಅದಕ್ಕೂ 20 ವರ್ಷ ಮೊದಲೇ ಜಪಾನಿನ ಶೋಜಿ ಒಕುಡ ಎಂಬ ವೈದ್ಯರು ಕಲೆಗಟ್ಟಿ ಕೂದಲು ಹೋದ ಜಾಗಗಳಲ್ಲಿ ಇಂಥ ನಾಟಿ ಮಾಡಿ ಬರೆದಿಟ್ಟಿದ್ದರಾದರೂ, ಮಹಾಯುದ್ಧದ ಗದ್ದಲದಲ್ಲಿ ಅದು ಹೊರಗಿನವರಿಗೆ ತಿಳಿಯದೆ ಉಳಿಯಿತು. ಹೆಂಗಸರ ವಿಷಯದಲ್ಲಿ ತೊಡಕಾಗುವುದು ಈ ತತ್ವವೇ. ಅನೇಕ ಹೆಂಗಸರಲ್ಲಿ ಕೂದಲು ತೆಳ್ಳಗಾಗುವುದು ನೆತ್ತಿಯಲ್ಲಿ ಮಾತ್ರವಲ್ಲ, ಹಿಂದಲೆ ಮತ್ತು ಕಿವಿಯ ಪಕ್ಕಗಳಲ್ಲಿಯೂ ಆಗಿರುತ್ತದೆ. ಕಸಿ ಎಂದರೆ ಹೊರಗಿನಿಂದ ಹೊಸ ಸಸಿ ತರುವುದಲ್ಲ, ಅದೇ ತೋಟದ ಒಂದು ಮೂಲೆಯದನ್ನು ಕಿತ್ತು ಇನ್ನೊಂದು ಮೂಲೆಯಲ್ಲಿ ನೆಡುವುದು. ತೋಟವಿಡೀ ಸೊರಗಿದ್ದರೆ ಕಿತ್ತ ಜಾಗವೂ ಹಾಳು, ನೆಟ್ಟದ್ದೂ ಹಾಳು.

ಮೊದಲ ಕೆಲಸ: ಯಾವ ಬಗೆಯ ಉದುರುವಿಕೆ ಎಂದು ತಿಳಿಯುವುದು

ಈ ಕೆಲಸಕ್ಕೆ ಹೇರ್ ಕ್ಲಿನಿಕ್ಕಿಗಿಂತ ಮೊದಲು ಚರ್ಮರೋಗ ತಜ್ಞರಲ್ಲಿಗೆ, ಸಾಧ್ಯವಾದರೆ ಕಸಿಯನ್ನು ಮಾರುವ ಅಗತ್ಯವಿಲ್ಲದ ಸರಕಾರಿ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿ. ಹೋಗುವಾಗ ಕಳೆದ ಒಂದು ವರ್ಷದಲ್ಲಿ ಬಂದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ತೂಕ ಇಳಿಸಲು ಮಾಡಿದ ಪಥ್ಯ, ಸೇವಿಸಿದ ಮಾತ್ರೆಗಳು, ಮುಟ್ಟಿನ ಏರುಪೇರು ಇವೆಲ್ಲವನ್ನು ತಿಂಗಳ ಸಮೇತ ಒಂದು ಕಾಗದದಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಕೂದಲು ತನ್ನ ಲೆಕ್ಕವನ್ನು ತಡವಾಗಿ ಒಪ್ಪಿಸುತ್ತದೆ. ಒಂದು ಕೂದಲು 2ರಿಂದ 6 ವರ್ಷ ಬೆಳೆದು, ಬಳಿಕ ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಆದ್ದರಿಂದ ಇಂದು ಬಚ್ಚಲಲ್ಲಿ ಉದುರುವ ಕೂದಲಿನ ಕಾರಣ ಎರಡು ಮೂರು ತಿಂಗಳ ಹಿಂದೆ ನಡೆದ ಘಟನೆಯಲ್ಲಿರಬಹುದು. ಆರೋಗ್ಯವಂತರಲ್ಲಿಯೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಡೆಂಗ್ಯೂ, ಟೈಫಾಯ್ಡ್‌ನಂಥ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಇವುಗಳ ನಂತರ ಹಿಡಿಗಟ್ಟಲೆ ಕೂದಲು ಬರುವುದು ಒಂದು ಬಗೆ. ಇದನ್ನು ಕಂಡು ಬಾಳಂತಿಯರು ಹೆದರುವುದು ಸಹಜವಾದರೂ, ಹೆರಿಗೆಯಾದ ಎರಡು ಮೂರು ತಿಂಗಳಿಗೆ ಆರಂಭವಾಗುವ ಈ ಉದುರುವಿಕೆ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ಕೂದಲ ಬೇರು ಸತ್ತಿರುವುದಿಲ್ಲ, ಆದ್ದರಿಂದ ಇಲ್ಲಿ ಕಸಿಗೆ ಕೆಲಸವೇ ಇಲ್ಲ. ನಾಣ್ಯದಷ್ಟು ಗಾತ್ರದ ದುಂಡನೆಯ ಬೋಳು ಮಚ್ಚೆಗಳು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ಬೇರನ್ನು ಕಾಡುವ ಅಲೋಪೇಶಿಯ ಏರಿಯೇಟ ಎಂಬ ಕಾಯಿಲೆ. ಅದಕ್ಕೆ ಔಷಧವಿದೆ, ಹೊಸತಾಗಿ ನೆಟ್ಟ ಕೂದಲನ್ನೂ ಆ ಕಾಯಿಲೆ ಕಾಡಬಲ್ಲುದಾದ್ದರಿಂದ ಕಸಿ ಸಲ್ಲದು.

ಎಚ್ಚರದಿಂದ ನೋಡಬೇಕಾದ ಬಗೆ, ಬೇರು ನಾಶವಾಗಿ ಕಲೆಗಟ್ಟುವಂಥದ್ದು. ತಲೆಯ ಚರ್ಮದಲ್ಲಿ ಉರಿ, ತುರಿಕೆ, ಕೂದಲ ಬುಡದ ಸುತ್ತ ಕೆಂಪು, ರಂಧ್ರಗಳೇ ಕಾಣದೆ ನುಣುಪಾಗಿ ಹೊಳೆಯುವ ಚರ್ಮ ಇವು ಅದರ ಗುರುತುಗಳು. ಮುಟ್ಟು ನಿಂತ ವಯಸ್ಸಿನವರಲ್ಲಿ ಹಣೆಯ ಕೂದಲಂಚು ಹಿಂದೆ ಸರಿಯುವುದರ ಜತೆಗೆ ಹುಬ್ಬಿನ ಕೂದಲೂ ತೆಳ್ಳಗಾಗುತ್ತಿದ್ದರೆ ಇದನ್ನು ವಿಶೇಷವಾಗಿ ಶಂಕಿಸಬೇಕು. ಕಾಯಿಲೆ ಸಕ್ರಿಯವಾಗಿರುವಾಗ ಕಸಿ ಮಾಡಿದರೆ ನೆಟ್ಟದ್ದು ಉಳಿಯುವುದಿಲ್ಲ. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಕಾಯಿಲೆಯನ್ನು ಕೆಣಕುತ್ತದೆ. ಸಂಶಯವಿದ್ದಲ್ಲಿ ವೈದ್ಯರು ಸುಮಾರು 4 ಮಿಲಿಮೀಟರಿನ ಚರ್ಮದ ತುಣುಕು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಆ ಪರೀಕ್ಷೆಯನ್ನು ತಪ್ಪಿಸಬೇಡಿ. ಬಯಾಪ್ಸಿ ಎಂಬ ಹೆಸರು ಕೇಳಿಯೇ ಕ್ಯಾನ್ಸರೆಂದು ಮನೆಮಂದಿ ಗಾಬರಿಯಾಗುವುದುಂಟು. ಇಲ್ಲಿ ಅದು ಕೂದಲ ಬೇರಿನ ಸ್ಥಿತಿಯನ್ನು ಕಣ್ಣಾರೆ ನೋಡುವ ದಾರಿ ಅಷ್ಟೆ.

ಜಗ್ಗುವುದರಿಂದ ಕೂದಲು ಹೋಗುವುದು ಇನ್ನೊಂದು ಬಗೆ, ಮತ್ತು ಇದು ನಮ್ಮ ನಡುವೆ ನಾವು ಎಣಿಸಿದ್ದಕ್ಕಿಂತ ಹೆಚ್ಚಿದೆ ಎಂಬುದು ನನ್ನ ಅಂದಾಜು. ಚಿಕ್ಕಂದಿನಿಂದ ಬಿಗಿದು ಹೆಣೆದ ಎರಡು ಜಡೆ, ಭರತನಾಟ್ಯದ ವೇಷಕ್ಕೆ ಕಟ್ಟುವ ಬಿಗಿ ತುರುಬು, ಅದರ ಮೇಲೆ ಪಿನ್ನುಗಳಿಂದ ನಿಲ್ಲಿಸಿದ ಮಲ್ಲಿಗೆಯ ಭಾರ, ಒಂದೇ ಜಾಗದಲ್ಲಿ ದಿನವಿಡೀ ಪಿನ್ ಹಾಕಿ ಬಿಗಿದ ತಲೆವಸ್ತ್ರ ಇವೆಲ್ಲ ಹಣೆಯಂಚಿನ ಮತ್ತು ಕಿವಿಯ ಮೇಲಿನ ಕೂದಲನ್ನು ವರ್ಷಗಟ್ಟಲೆ ಎಳೆದರೆ ಆ ಬೇರುಗಳು ಕೊನೆಗೆ ಸೋಲುತ್ತವೆ. ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎರಡು ಜಡೆಯನ್ನು ಕಡ್ಡಾಯ ಮಾಡಬಾರದೆಂದು ಕೇರಳದ ಮಕ್ಕಳ ಹಕ್ಕುಗಳ ಆಯೋಗ ಹೇಳಿದ್ದು ಬೇರೆ ಕಾರಣಗಳಿಗೂ ಇರಬಹುದು, ಕೂದಲಿನ ದೃಷ್ಟಿಯಿಂದಲೂ ಅದು ಸರಿಯಾದ ಮಾತೇ. ಈ ಬಗೆಯಲ್ಲಿ ಆರಂಭದಲ್ಲಿಯೇ ಬಿಗಿ ಸಡಿಲಿಸಿದರೆ ಕೂದಲು ಮರಳುತ್ತದೆ. ಬಹಳ ಕಾಲ ಕಳೆದು ಮರಳದಿದ್ದರೆ ಕಸಿಗೆ ಇದು ಒಳ್ಳೆಯ ಸಂದರ್ಭ, ಏಕೆಂದರೆ ಹಿಂದಲೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಆದರೆ ಬಿಗಿಯುವ ಅಭ್ಯಾಸ ಬಿಟ್ಟ ಮೇಲೆ ಮಾತ್ರ.

ಕೊನೆಯದು, ಬಹುತೇಕ ವಿಚಾರಣೆಗಳಿಗೆ ಕಾರಣವಾಗುವ ಸ್ತ್ರೀಮಾದರಿಯ ಕೂದಲು ನಷ್ಟ. ಹಣೆಯಂಚು ಹೆಚ್ಚುಕಡಿಮೆ ಇದ್ದಂತೆಯೇ ಉಳಿದು, ಬೈತಲೆಯಿಂದ ಆಚೀಚೆ ತೆಳ್ಳಗಾಗುತ್ತ ಹೋಗುವುದು ಇದರ ಲಕ್ಷಣ. ಲುಡ್ವಿಗ್ ಎಂಬ ವೈದ್ಯರು 1977ರಲ್ಲಿ ಮಾಡಿದ ಮೂರು ಹಂತಗಳ ವಿಂಗಡಣೆಯನ್ನು ಇಂದಿಗೂ ಬಳಸುತ್ತಾರೆ. ನಿಮ್ಮದು ಎಷ್ಟನೆಯ ಹಂತ ಎಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಟ್ರೈಕೋಸ್ಕೋಪ್ ಎಂಬ ಹಿರಿದು ತೋರಿಸುವ ಸಾಧನದಲ್ಲಿ ನೋಡಿದಾಗ ಪಕ್ಕಪಕ್ಕದ ಕೂದಲುಗಳೇ ಕೆಲವು ದಪ್ಪ, ಕೆಲವು ನವಿರು ಕಾಣುವುದು ಈ ಬಗೆಯ ಗುರುತು. ಹಾಗೆ ನೋಡುವಾಗ ನೆತ್ತಿಯನ್ನಷ್ಟೇ ಅಲ್ಲ, ಹಿಂದಲೆಯನ್ನೂ ನೋಡಿ ಹೇಳುವಂತೆ ವಿನಂತಿಸಿ. ಹಿಂದಲೆಯಲ್ಲಿಯೂ ನವಿರು ಕೂದಲೇ ಹೆಚ್ಚಿದ್ದರೆ ಕಸಿಯ ವಿಚಾರವನ್ನು ಅಲ್ಲಿಗೇ ಬಿಡಬೇಕು.

ನೀರಿನ ಬಗ್ಗೆ ಒಂದು ಮಾತು. ಕೊಲ್ಲಿಯಿಂದ ಬಂದವರು ಅಲ್ಲಿಯ ನೀರನ್ನೂ ಊರಿನವರು ಕೊಳವೆಬಾವಿಯ ನೀರನ್ನೂ ದೂರುವುದು ಸಾಮಾನ್ಯ. ಗಡುಸು ನೀರು ಕೂದಲನ್ನು ಒರಟಾಗಿಸಿ ನಡುವಿನಲ್ಲಿ ತುಂಡಾಗುವಂತೆ ಮಾಡಬಹುದು, ಆದರೆ ಬೇರನ್ನು ಕೊಲ್ಲುವುದಿಲ್ಲ. ಬಿದ್ದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದ ಬಂದದ್ದು, ಇಲ್ಲದಿದ್ದರೆ ತುಂಡಾದದ್ದು. ಹರಕೆಗೆ ಮುಡಿ ಕೊಟ್ಟರೆ ಕೂದಲು ದಪ್ಪವಾಗಿ ಬರುತ್ತದೆ ಎಂಬ ನಂಬಿಕೆಯೂ ಇದೆ. ಹರಕೆ ದೇವರಿಗೆ ಸಲ್ಲುತ್ತದೆ, ಚರ್ಮದೊಳಗಿನ ಬೇರಿಗೆ ಮುಟ್ಟುವುದಿಲ್ಲ.

ರಕ್ತಪರೀಕ್ಷೆ ಮತ್ತು ಔಷಧದ ಒಂದು ವರ್ಷ

ಹಿಮೋಗ್ಲೋಬಿನ್, ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣವನ್ನು ತೋರಿಸುವ ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಡಿ, ಬಿ12 ಇಷ್ಟನ್ನು ಸಾಮಾನ್ಯವಾಗಿ ಬರೆಯುತ್ತಾರೆ. ಮುಟ್ಟು ಸರಿಯಾಗಿ ಆಗದೆ, ಗಲ್ಲದಲ್ಲಿ ಕೂದಲು, ಮೊಡವೆ ಇದ್ದರೆ ಪಿಸಿಒಡಿ ಎಂಬ ಅಂಡಾಶಯದ ತೊಂದರೆಯ ಸಂಶಯದಿಂದ ಹಾರ್ಮೋನುಗಳ ಪರೀಕ್ಷೆ ಮತ್ತು ಸ್ಕ್ಯಾನ್ ಕೂಡ ಬೇಕಾಗುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಸೇವಿಸುತ್ತಿರುವವರು ಪ್ರಯೋಗಶಾಲೆಗೆ ಹೋಗುವ ಮೊದಲೇ ವೈದ್ಯರಿಗೆ ಹೇಳಬೇಕು. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ತಪ್ಪಾಗಿ ತೋರಿಸಬಲ್ಲುದು. ರಕ್ತಹೀನತೆ, ಥೈರಾಯ್ಡ್ ಇಂಥದ್ದೇನಾದರೂ ಕಂಡುಬಂದರೆ ಅದನ್ನು ಸರಿಪಡಿಸದೆ ಮುಂದಿನ ಮಾತಿಲ್ಲ.

ಸ್ತ್ರೀಮಾದರಿಯ ನಷ್ಟ ಎಂದು ಖಚಿತವಾದ ಮೇಲೆ ಮೊದಲ ಔಷಧ ಮಿನಾಕ್ಸಿಡಿಲ್. ಶೇಕಡಾ 2ರ ದ್ರಾವಣಕ್ಕೆ ಅಮೆರಿಕದಲ್ಲಿ 1991ರಲ್ಲಿಯೂ, ದಿನಕ್ಕೊಮ್ಮೆ ಹಚ್ಚುವ ಶೇಕಡಾ 5ರ ನೊರೆರೂಪಕ್ಕೆ 2014ರಲ್ಲಿಯೂ ಹೆಂಗಸರ ಬಳಕೆಗೆ ಅನುಮತಿ ದೊರೆಯಿತು. ಹಚ್ಚಲಾರಂಭಿಸಿದ ಮೊದಲ ಒಂದೆರಡು ತಿಂಗಳು ಉದುರುವುದು ಹೆಚ್ಚಾಗಬಹುದು; ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುವ ಲಕ್ಷಣವದು, ಅಷ್ಟಕ್ಕೇ ಔಷಧ ಬಿಟ್ಟುಬಿಡುವವರುಂಟು. ಫಲ ಕಾಣಲು 4ರಿಂದ 6 ತಿಂಗಳು ಬೇಕು, ಸರಿಯಾಗಿ ಅಳೆಯಲು ಒಂದು ವರ್ಷ ಬೇಕು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದನ್ನು ಬಳಸಬಾರದು. ಮನೆಯಲ್ಲಿ ಬೆಕ್ಕು ಸಾಕಿದ್ದರೆ ಇನ್ನೊಂದು ಎಚ್ಚರ ಬೇಕು: ಈ ಔಷಧ ಬೆಕ್ಕಿಗೆ ವಿಷ, ಹಚ್ಚಿದ ತಲೆಯನ್ನೋ ದಿಂಬಿನ ಹೊದಿಕೆಯನ್ನೋ ಅದು ನೆಕ್ಕದಂತೆ ನೋಡಿಕೊಳ್ಳಬೇಕು. ಸ್ಪಿರೊನೊಲ್ಯಾಕ್ಟೋನ್, ಫಿನಾಸ್ಟರೈಡ್ ಮೊದಲಾದ ಮಾತ್ರೆಗಳು ಗರ್ಭದಲ್ಲಿರುವ ಗಂಡುಶಿಶುವಿನ ಬೆಳವಣಿಗೆಗೆ ತೊಂದರೆ ಮಾಡಬಲ್ಲವಾದ್ದರಿಂದ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವಂಥವಲ್ಲ.

ಕಸಿಯ ಉತ್ಸಾಹದಲ್ಲಿರುವವರಿಗೆ ಈ ಒಂದು ವರ್ಷ ಬೇಸರದ್ದೆನ್ನಿಸುತ್ತದೆ. ಆದರೂ ಇದನ್ನು ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಔಷಧದಿಂದಲೇ ಸಾಕಷ್ಟು ಫಲ ಸಿಕ್ಕರೆ ಶಸ್ತ್ರಚಿಕಿತ್ಸೆ ತಪ್ಪುತ್ತದೆ. ಸಿಗದಿದ್ದರೂ ಉದುರುವಿಕೆ ಒಂದು ಹಂತಕ್ಕೆ ನಿಂತಿರುತ್ತದೆ, ಮತ್ತು ಕಸಿಯ ಬಳಿಕವೂ ಈ ಔಷಧ ಬೇಕೇ ಬೇಕಾಗುವುದರಿಂದ ಅದು ನಿಮಗೆ ಒಗ್ಗುತ್ತದೆಯೇ ಎಂಬುದು ಮೊದಲೇ ತಿಳಿದಿರುತ್ತದೆ. ಪಿಆರ್‌ಪಿ ಎಂಬ, ನಿಮ್ಮದೇ ರಕ್ತದಿಂದ ತೆಗೆದ ದ್ರವದ ಚುಚ್ಚುಮದ್ದನ್ನು ಹಲವು ಕಡೆ ಮಾಡುತ್ತಾರೆ. ಕೆಲವರಿಗೆ ಅದು ಉಪಯೋಗವಾಗುವುದುಂಟು, ಆದರೆ ಮಿನಾಕ್ಸಿಡಿಲಿಗೆ ಬದಲಿಯಲ್ಲ.

ಕಸಿ ಯಾರಿಗೆ ಒಗ್ಗುತ್ತದೆ

ಹಿಂದಲೆಯ ಕೂದಲು ದಟ್ಟವಾಗಿಯೂ ದಪ್ಪವಾಗಿಯೂ ಇದ್ದು, ತೆಳ್ಳಗಾದ ಜಾಗ ಒಂದು ಮಿತಿಯೊಳಗಿರುವವರಿಗೆ. ಜಗ್ಗುವಿಕೆಯಿಂದ ಹಣೆಯಂಚು ಹಿಂದೆ ಹೋದವರಿಗೆ. ಹುಟ್ಟಿನಿಂದಲೇ ಹಣೆ ಅಗಲವಾಗಿರುವವರಿಗೆ. ಸುಟ್ಟ ಗಾಯ, ಅಪಘಾತ, ಹಳೆಯ ಶಸ್ತ್ರಚಿಕಿತ್ಸೆಯ ಕಲೆಯಲ್ಲಿ ಕೂದಲು ಬೆಳೆಯದವರಿಗೆ ಕಸಿಯಿಂದ ಪ್ರಯೋಜನವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಯಲ್ಲಿರಬೇಕು. ಎದ್ದುನಿಲ್ಲುವ ದಪ್ಪ ಕಲೆಯ ಪ್ರವೃತ್ತಿ, ಅಂದರೆ ಕೀಲಾಯ್ಡ್ ಇರುವವರು ಅದನ್ನು ಮುಚ್ಚಿಡಬಾರದು. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದ್ದರೆ ವೈದ್ಯರಿಗೆ ತೋರಿಸಿ. ಮಗು ಬೇಕೆಂದು ಯೋಚಿಸುತ್ತಿರುವವರು ಹೆರಿಗೆಯ ನಂತರದ ಉದುರುವಿಕೆ ಮುಗಿಯುವ ತನಕ ಕಾಯುವುದೇ ಲೇಸು.

ನಿರೀಕ್ಷೆಯನ್ನೂ ಅಳೆದುಕೊಳ್ಳಬೇಕು. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತದೆ. ಹೆಂಗಸರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 1000ದಿಂದ 2000 ಗ್ರಾಫ್ಟ್, ಅಂದರೆ ಬೇರುಸಮೇತ ತೆಗೆದ ಕೂದಲಿನ ಸಣ್ಣ ಗೊಂಚಲು ನೆಡುತ್ತಾರೆ, ಒಂದು ಗ್ರಾಫ್ಟಿನಲ್ಲಿ 1ರಿಂದ 4 ಕೂದಲಿರುತ್ತದೆ. ಹಾಗಾಗಿ ತಲೆಯಿಡೀ ದಟ್ಟವಾಗಿಸುವ ಮಾತನ್ನು ಯಾರಾದರೂ ಆಡಿದರೆ ನಂಬಬಾರದು. ಕಣ್ಣಿಗೆ ಬೀಳುವ ಜಾಗವನ್ನು, ಎಂದರೆ ಬೈತಲೆಯ ಮುಂಭಾಗವನ್ನೋ ಹಣೆಯಂಚನ್ನೋ ಆರಿಸಿ ಅಲ್ಲಿ ತುಂಬಿಸಿಕೊಂಡು, ಉಳಿದದ್ದನ್ನು ಬಾಚುವ ಕ್ರಮದಿಂದ ಹೊಂದಿಸಿಕೊಳ್ಳುವುದು ಕಾರ್ಯಸಾಧ್ಯವಾದ ಗುರಿ. ಇದು ಸಾಲದೆನ್ನಿಸುವವರಿಗೆ ನೆತ್ತಿಗೆ ಕ್ಲಿಪ್ಪಿನಿಂದ ಸಿಕ್ಕಿಸುವ ಟಾಪರ್, ಕೂದಲಿನ ಬಣ್ಣದ ನಾರುಪುಡಿ ಮೊದಲಾದವು ಇವೆ. ಅವುಗಳಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಎರಡು ವಿಧಾನಗಳು

ಎಫ್‌ಯುಟಿ ಎಂಬ ವಿಧಾನದಲ್ಲಿ ಹಿಂದಲೆಯಿಂದ ಚರ್ಮದ ಒಂದು ಕಿರಿದಾದ ಪಟ್ಟಿಯನ್ನು ತೆಗೆದು, ಹೊಲಿಗೆ ಹಾಕಿ, ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಗ್ರಾಫ್ಟುಗಳಾಗಿ ಬಿಡಿಸುತ್ತಾರೆ. ಎಫ್‌ಯುಇ ವಿಧಾನದಲ್ಲಿ 1 ಮಿಲಿಮೀಟರಿಗಿಂತ ತುಸು ಕಡಿಮೆ ವ್ಯಾಸದ ಪಂಚ್ ಎಂಬ ಕೊರೆಯುವ ಉಪಕರಣದಿಂದ ಒಂದೊಂದೇ ಗ್ರಾಫ್ಟನ್ನು ಕೊರೆದು ತೆಗೆಯುತ್ತಾರೆ. ಗಂಡಸರಲ್ಲಿ ಇಂದು ಎಫ್‌ಯುಇ ಹೆಚ್ಚು ಬಳಕೆಯಲ್ಲಿರುವುದರಿಂದ ಪಟ್ಟಿಯ ವಿಧಾನವನ್ನು ಹಳತೆಂದು ತಳ್ಳಿಹಾಕುವ ಜಾಹೀರಾತುಗಳನ್ನು ಕಾಣುತ್ತೇವೆ. ಹೆಂಗಸರ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಪಟ್ಟಿಯ ವಿಧಾನದಲ್ಲಿ ತಲೆ ಬೋಳಿಸಬೇಕಾಗಿಲ್ಲ, ಪಟ್ಟಿ ತೆಗೆಯುವ ಜಾಗದಲ್ಲಷ್ಟೇ ಕತ್ತರಿಸಿದರೆ ಸಾಕು. ಮೇಲಿನ ಉದ್ದ ಕೂದಲು ಇಳಿಬಿದ್ದು ಹೊಲಿಗೆಯನ್ನು ಅಂದಿನಿಂದಲೇ ಮುಚ್ಚುತ್ತದೆ. ಎಫ್‌ಯುಇಯಲ್ಲಿ ತೆಗೆಯುವ ಜಾಗವನ್ನು ಸಣ್ಣಗೆ ಬೋಳಿಸುವುದು ರೂಢಿ. ಉದ್ದ ಕೂದಲಿನ ಅಡಿಯಲ್ಲಿ ಕಿಟಕಿಯಂತೆ ಕಿರಿದಾದ ಜಾಗವನ್ನಷ್ಟೇ ಬೋಳಿಸಿಯೂ ಮಾಡಬಹುದು, ಆದರೆ ಆಗ ಸಿಗುವ ಗ್ರಾಫ್ಟುಗಳ ಸಂಖ್ಯೆಗೆ ಮಿತಿಯಿದೆ. ಯಾವಾಗಲೂ ಜಡೆ ಅಥವಾ ತುರುಬು ಹಾಕುವವರಿಗೆ ಪಟ್ಟಿಯ ಗೆರೆಕಲೆ ಹೊರಗೆ ಕಾಣುವ ಸಂಭವ ಕಡಿಮೆ. ಎತ್ತಿ ಕಟ್ಟುವ ತುರುಬಾದರೆ ಗೆರೆ ಎಲ್ಲಿ ಬೀಳುತ್ತದೆಂದು ಕನ್ನಡಿ ಹಿಡಿದು ತೋರಿಸಲು ಕೇಳಿ.

ಕ್ಲಿನಿಕ್ ಆರಿಸುವುದು, ದುಡ್ಡಿನ ಲೆಕ್ಕ

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕೂದಲು ಕಸಿ ಮಾಡುವವರು ತಕ್ಕ ತರಬೇತಿ ಪಡೆದ ನೋಂದಾಯಿತ ವೈದ್ಯರಾಗಿರಬೇಕು, ಮುಖ್ಯವಾಗಿ ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗ ಶಾಸ್ತ್ರದಲ್ಲಿ ಉನ್ನತ ಪದವಿ ಪಡೆದವರು. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದೆಂದೂ ಆ ಮಾರ್ಗಸೂಚಿಯಲ್ಲಿದೆ. ಅದನ್ನು ಬರೆಯುವ ಅಗತ್ಯ ಬಂತೆಂಬುದೇ ಪರಿಸ್ಥಿತಿಯನ್ನು ಹೇಳುತ್ತದೆ. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ, ಮಂಗಳೂರಿನವರಾದರೆ ಕರ್ನಾಟಕದ, ನಮ್ಮ ಕಡೆಯವರಾದರೆ ಕೇರಳದ ಮೆಡಿಕಲ್ ಕೌನ್ಸಿಲಿನ ದಾಖಲೆಯಲ್ಲಿ ಹೆಸರನ್ನು ತಾಳೆ ನೋಡಿ. ಸಂಸ್ಥೆಗೂ ನೋಂದಣಿ ಬೇಕು: ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಶ್‌ಮೆಂಟ್ ಕಾಯಿದೆ ಅನ್ವಯಿಸುತ್ತದೆ.

ಮೊದಲ ಭೇಟಿಯಲ್ಲಿ ನಿಮ್ಮನ್ನು ಮಾತಾಡಿಸುವವರು ವೈದ್ಯರೋ ಕೌನ್ಸೆಲರೋ ಎಂಬುದನ್ನು ಗಮನಿಸಿ. ‘ಅಕ್ಕಾ, ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ ಉಂಟು’ ಎಂಬ ಮಾತು ವೈದ್ಯರು ತಲೆ ನೋಡುವ ಮೊದಲೇ ಬಂದರೆ ಎದ್ದು ಬರುವುದು ಒಳ್ಳೆಯದು. ವೈದ್ಯರನ್ನೇ ಕೇಳಬೇಕಾದ ಪ್ರಶ್ನೆಗಳಿವೆ. ಚರ್ಮದಲ್ಲಿ ರಂಧ್ರ ಮಾಡುವುದು, ಗ್ರಾಫ್ಟ್ ತೆಗೆಯುವುದು ಯಾರು? ಆ ದಿನ ಅವರು ಒಬ್ಬರಿಗಷ್ಟೇ ಶಸ್ತ್ರಚಿಕಿತ್ಸೆ ಮಾಡುತ್ತಾರೆಯೇ? ಹೆಂಗಸರಿಗೆ ಮಾಡಿದ ಕಸಿಯ, ಒಂದು ವರ್ಷದ ನಂತರದ, ಒದ್ದೆ ಕೂದಲನ್ನು ಬಿಡಿಸಿ ತೆಗೆದ ಫೋಟೋಗಳಿವೆಯೇ? ಒಣ ಕೂದಲನ್ನು ಉಬ್ಬಿಸಿ ಬಾಚಿ ತೆಗೆದ ಫೋಟೋದಲ್ಲಿ ಯಾರ ಕೂದಲಾದರೂ ದಟ್ಟವಾಗಿಯೇ ಕಾಣುತ್ತದೆ.

ಖರ್ಚನ್ನು ಗ್ರಾಫ್ಟಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಕೆಲವರು ಕೂದಲಿನ ಲೆಕ್ಕದಲ್ಲಿ ಹೇಳುತ್ತಾರೆ. 3000 ಕೂದಲೆಂದರೆ ಸುಮಾರು 1500 ಗ್ರಾಫ್ಟ್ ಮಾತ್ರ, ಆದ್ದರಿಂದ ಯಾವುದೆಂದು ಬರಹದಲ್ಲಿ ಪಡೆಯಿರಿ. ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲದಿದ್ದರೂ ಕೂದಲು ಕಸಿಗೆ ಆ ವಿನಾಯಿತಿ ಇಲ್ಲ, ಶೇಕಡಾ 18 ತೆರಿಗೆ ಸೇರುತ್ತದೆ. ಗಾಯ, ಅಪಘಾತ ಅಥವಾ ಹುಟ್ಟಿನ ದೋಷದಿಂದ ಹಾಳಾದದ್ದನ್ನು ಸರಿಪಡಿಸುವ ಸಂದರ್ಭದಲ್ಲಿ ಮಾತ್ರ ವಿನಾಯಿತಿ ಉಂಟು. ಸುಟ್ಟ ಕಲೆಗಾಗಿ ಕಸಿ ಮಾಡಿಸುವವರು ಇದನ್ನು ಬಿಲ್ಲಿನಲ್ಲಿ ಕೇಳಿ ಪಡೆಯಬೇಕು. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಭರಿಸುವುದಿಲ್ಲ.

ಸಿದ್ಧತೆ ಮತ್ತು ಆ ದಿನ

ನಮ್ಮ ಹವೆಯಲ್ಲಿ ನವಂಬರದಿಂದ ಫೆಬ್ರವರಿಯವರೆಗಿನ ಕಾಲ ಅನುಕೂಲ. ಎಪ್ರಿಲ್, ಮೇ ತಿಂಗಳುಗಳಲ್ಲಿ ಬೆವರೂ ಮದುವೆಗಳೂ ಹೆಚ್ಚು. ಮಳೆಗಾಲದಲ್ಲಿ ತಲೆ ಒಣಗುವುದಿಲ್ಲ, ಬಾವಿಯ ನೀರು ಕದಡಿರುತ್ತದೆ. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಿಲ್ಲಿಸುವುದು ಬರೆದುಕೊಟ್ಟ ವೈದ್ಯರ ಅನುಮತಿಯಿಂದ ಮಾತ್ರ. ವಿಟಮಿನ್ ಇ, ಮೀನೆಣ್ಣೆಯ ಮಾತ್ರೆ, ನಾಟಿ ಔಷಧಗಳನ್ನೂ ಪಟ್ಟಿಯಲ್ಲಿ ಸೇರಿಸಿ ಹೇಳಿ. ರಕ್ತದೊತ್ತಡ ಮೊದಲಾದವಕ್ಕೆ ಕೊಡುವ ಪ್ರೊಪ್ರನೊಲೋಲ್ ಮಾತ್ರೆ ಸೇವಿಸುವವರು, ತಲೆನೋವಿಗಾಗಿಯೇ ಇರಲಿ, ಅದನ್ನು ಮರೆಯದೆ ತಿಳಿಸಬೇಕು. ಅರಿವಳಿಕೆಯ ಜತೆ ಕೊಡುವ ಅಡ್ರಿನಲಿನ್ನಿನೊಂದಿಗೆ ಅದು ರಕ್ತದೊತ್ತಡವನ್ನು ಏರಿಸಬಲ್ಲುದು.

ಒಪ್ಪಿಗೆ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಇಲ್ಲಿಯ ಆಸ್ಪತ್ರೆಗಳಲ್ಲಿ ಮಲೆಯಾಳದಲ್ಲಿಯೂ ಇರಬಹುದು. ಓದಲು ಬರುವುದಿಲ್ಲವಾದರೆ ಹಿಂದಿನ ದಿನವೇ ಪ್ರತಿ ಪಡೆದು ಕನ್ನಡದಲ್ಲಿ ವಿವರಿಸುವಂತೆ ಕೇಳಿ. ಅರ್ಥವಾಗದ ಕಾಗದಕ್ಕೆ ಸಹಿ ಮಾಡಬೇಡಿ.

ಆ ದಿನ ತಲೆಯ ಮೇಲಿಂದ ಎಳೆದು ತೆಗೆಯುವ ಚೂಡಿದಾರ ಬೇಡ, ಮುಂದೆ ಗುಂಡಿ ಇರುವ ಅಂಗಿ ಅಥವಾ ನೈಟಿ ಇರಲಿ. ತಿಂಡಿ ತಿಂದು ಹೋಗಬೇಕೋ ಬೇಡವೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಅರಿವಳಿಕೆ ತಲೆಯ ಚರ್ಮಕ್ಕಷ್ಟೇ. ಚುಚ್ಚುವಾಗ ನೋವಿದೆ, ಆಮೇಲೆ ಇಲ್ಲ. 6ರಿಂದ 8 ಗಂಟೆ ಹಿಡಿಯುತ್ತದೆ. ನಡುವೆ ತುಟಿಯ ಸುತ್ತ ಜುಮುಗುಡುವುದು, ಕಿವಿಯಲ್ಲಿ ಗುಂಯ್ಗುಡುವುದು, ಬಾಯಿಯಲ್ಲಿ ಲೋಹದ ರುಚಿ ಕಂಡರೆ ತಕ್ಷಣ ಹೇಳಬೇಕು, ಅರಿವಳಿಕೆಯ ಔಷಧ ಮಿತಿಮೀರುತ್ತಿರುವ ಸೂಚನೆಯದು. ತುರ್ತು ಔಷಧ, ಆಮ್ಲಜನಕ, ನಾಡಿ ನೋಡುವ ಯಂತ್ರ ಕೋಣೆಯಲ್ಲೇ ಇವೆಯೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಸಂಜೆಯ ರೈಲಿನ ನೂಕುನುಗ್ಗಲಿನಲ್ಲಿ ಊರಿಗೆ ಮರಳುವ ಸಾಹಸ ಬೇಡ. ಒಂದು ರಾತ್ರಿ ಅಲ್ಲೇ ನಿಂತು, ಮರುದಿನದ ತಪಾಸಣೆ ಮುಗಿಸಿ ಕಾರಿನಲ್ಲಿ ಬನ್ನಿ.

ಮನೆಗೆ ಬಂದ ಮೇಲೆ

ಮೊದಲ ಕೆಲವು ರಾತ್ರಿ ಎರಡು ಮೂರು ದಿಂಬಿಟ್ಟು ತಲೆ ಎತ್ತರಿಸಿ ಮಲಗಬೇಕು. ಮೂರನೆಯ ಅಥವಾ ನಾಲ್ಕನೆಯ ದಿನ ಹಣೆ, ಕಣ್ಣಿನ ಸುತ್ತ ಊದಿಕೊಳ್ಳುವುದು ಸಾಮಾನ್ಯ, ತಾನಾಗಿ ಇಳಿಯುತ್ತದೆ. ತಲೆ ತೊಳೆಯುವ ಕ್ರಮವನ್ನು ಕ್ಲಿನಿಕ್ಕಿನವರು ತೋರಿಸಿಕೊಟ್ಟಂತೆಯೇ ಪಾಲಿಸಿ. ಶವರಿನ ರಭಸ ಬೇಡ, ಚೊಂಬಿನಿಂದ ಮೆಲ್ಲನೆ ಹನಿಸಿ. ಮೊದಲ ವಾರ ಕುದಿಸಿ ಆರಿಸಿದ ನೀರನ್ನೇ ಬಳಸಿದರೆ ನಿಶ್ಚಿಂತೆ. ಹಕ್ಕಳೆಗಳು 7ರಿಂದ 10 ದಿನಗಳಲ್ಲಿ ಉದುರುತ್ತವೆ, ಉಗುರಿನಿಂದ ಕೀಳಬಾರದು. ಉದ್ದ ಕೂದಲಿನ ಎಳೆಗಳು ಹಕ್ಕಳೆಗೆ ಅಂಟಿಕೊಂಡು ಬಾಚಣಿಗೆಗೆ ಸಿಕ್ಕಿದರೆ ಗ್ರಾಫ್ಟೇ ಕಿತ್ತುಬರಬಹುದು. ಗಂಡಸರಿಗಿಲ್ಲದ ಈ ತೊಂದರೆಯನ್ನು ಅನೇಕ ಕಡೆ ಹೇಳಿಕೊಡುವುದಿಲ್ಲ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಕಡೆಯಿಂದ ಸಿಕ್ಕು ಬಿಡಿಸಿ, ನೆಟ್ಟ ಜಾಗದ ಹತ್ತಿರ ಹೋಗಬೇಡಿ.

ಎರಡು ವಾರ ಬಾವಿಯಿಂದ ನೀರು ಸೇದುವುದು, ಬಗ್ಗಿ ಅಡಿಕೆ ಹೆಕ್ಕುವುದು, ಭಾರ ಎತ್ತುವುದು, ಹೆಲ್ಮೆಟ್, ಬಿಗಿಯಾದ ತಲೆವಸ್ತ್ರ, ಮುಡಿಗೆ ಹೂ ಯಾವುದೂ ಬೇಡ. ತಲೆ ಮುಚ್ಚಿಕೊಳ್ಳುವವರು ವೈದ್ಯರು ಹೇಳಿದ ದಿನದಿಂದ ಸಡಿಲವಾದ ಹತ್ತಿಬಟ್ಟೆಯನ್ನು, ಪಿನ್ ಹಾಕದೆ ಬಳಸಬಹುದು. ತೆಂಗಿನೆಣ್ಣೆ ತಿಕ್ಕಿ ಮೀಯುವ ಆಸೆಯನ್ನು ವೈದ್ಯರು ಒಪ್ಪುವ ತನಕ ತಡೆಯಿರಿ. ಮನೆಯ ಅಜ್ಜಿಯಂದಿರು ಈ ವಿಷಯದಲ್ಲಿ ಒತ್ತಾಯ ಮಾಡುವುದುಂಟು, ಅವರಿಗೆ ಮೊದಲೇ ಹೇಳಿಟ್ಟಿರುವುದು ಉತ್ತಮ. ಬಣ್ಣ ಹಚ್ಚಲು ಕನಿಷ್ಠ ಒಂದು ತಿಂಗಳು ಕಾಯಬೇಕು. ಪಟ್ಟಿಯ ವಿಧಾನವಾಗಿದ್ದರೆ ಹೊಲಿಗೆ ಬಿಚ್ಚಲು 10ರಿಂದ 14 ದಿನಗಳಲ್ಲಿ ಹೋಗಬೇಕಾಗುತ್ತದೆ.

ದಿನದಿಂದ ದಿನಕ್ಕೆ ಹೆಚ್ಚುವ ನೋವು, ಕೀವು, ಜ್ವರ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಚರ್ಮ ಕಪ್ಪಾಗುವುದು ಇವುಗಳಲ್ಲಿ ಯಾವುದು ಕಂಡರೂ ಫೋನಿನಲ್ಲಿ ಮಾತಾಡಿ ಸುಮ್ಮನಿರದೆ ಹೋಗಿ ತೋರಿಸಬೇಕು.

ಮುಂದಿನ ತಿಂಗಳುಗಳು

ಎರಡರಿಂದ ಆರು ವಾರಗಳೊಳಗೆ ನೆಟ್ಟ ಕೂದಲು ಉದುರುತ್ತದೆ. ಬೇರು ಒಳಗೇ ಉಳಿದಿರುತ್ತದೆ. ಅದರ ಜತೆಗೆ ಸುತ್ತಲಿನ ಹಳೆಯ ಕೂದಲೂ ಆಘಾತದಿಂದ ಉದುರಬಹುದು. ಹೆಂಗಸರಲ್ಲಿ ನೆಟ್ಟ ಜಾಗದ ಸುತ್ತ ನವಿರು ಕೂದಲು ಹೆಚ್ಚಿರುವುದರಿಂದ ಇದು ಗಂಡಸರಿಗಿಂತ ಹೆಚ್ಚು ಕಾಣುತ್ತದೆ. ಎರಡನೆಯ ತಿಂಗಳಿಗೆ ತಲೆ ಶಸ್ತ್ರಚಿಕಿತ್ಸೆಗೆ ಮೊದಲಿದ್ದುದಕ್ಕಿಂತ ತೆಳ್ಳಗೆ ಕಂಡು ಕಣ್ಣೀರು ಬರುವುದು ಇಲ್ಲಿಯೇ. ಬಹುಪಾಲು ಮರಳುತ್ತದೆ, ಆದರೆ ಮೊದಲೇ ಸೋತಿದ್ದ ಕೆಲವು ಕೂದಲು ಮರಳದಿರಬಹುದು. ಇದನ್ನು ಮೊದಲೇ ಹೇಳದ ವೈದ್ಯರು ಅರ್ಧವನ್ನಷ್ಟೇ ಹೇಳಿದ್ದಾರೆ. ಹೊಸ ಕೂದಲು 3–4 ತಿಂಗಳಿಗೆ ಮೂಡಿ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆದ್ದರಿಂದ ಜಡೆಗೆ ಸೇರುವಷ್ಟು ಉದ್ದವಾಗಲು ವರ್ಷಗಳೇ ಬೇಕು. ಫಲಿತಾಂಶವನ್ನು 12 ತಿಂಗಳ ಮೊದಲು ಅಳೆಯಬಾರದು, ಕೆಲವರಿಗೆ 18 ತಿಂಗಳೂ ಹಿಡಿಯುತ್ತದೆ. ನೆಟ್ಟದ್ದು ಉಳಿದರೂ ಹಳೆಯ ಕೂದಲಿನ ತೆಳುವಾಗುವಿಕೆ ನಿಲ್ಲುವುದಿಲ್ಲವಾದ್ದರಿಂದ, ವೈದ್ಯರು ಹೇಳಿದ ದಿನದಿಂದ ಮಿನಾಕ್ಸಿಡಿಲ್ ಮತ್ತೆ ಆರಂಭಿಸಿ ಮುಂದುವರಿಸಬೇಕು.

ಒಂದು ಕಡತವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಒಂದೇ ಬೆಳಕಿನಲ್ಲಿ ಒಂದೇ ಬೈತಲೆ ತೆಗೆದು ಮೂರು ತಿಂಗಳಿಗೊಮ್ಮೆ ತೆಗೆದ ಫೋಟೋ, ಗ್ರಾಫ್ಟಿನ ಸಂಖ್ಯೆ ಬರೆದ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಒಪ್ಪಿಗೆ ಪತ್ರದ ಪ್ರತಿ, ಜಿಎಸ್‌ಟಿ ಸಹಿತ ಬಿಲ್ಲು, ವಾಟ್ಸಾಪಿನಲ್ಲಿ ಕೊಟ್ಟ ಭರವಸೆಗಳು ಎಲ್ಲವೂ ಅದರಲ್ಲಿರಲಿ. ಕೆಲಸ ಕೆಟ್ಟರೆ 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕಸಿ ಮಾಡಿಸಿಕೊಂಡವರು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷ ಅವಧಿ. ಫಲಿತಾಂಶ ತಿಳಿಯುವುದಕ್ಕೇ ಒಂದು, ಒಂದೂವರೆ ವರ್ಷ ಹಿಡಿಯುವುದರಿಂದ ‘ಇನ್ನೂ ಸ್ವಲ್ಪ ಕಾಯಿರಿ, ಬರುತ್ತದೆ’ ಎಂಬ ಮಾತನ್ನು ನಂಬಿ ಆ ಅವಧಿಯನ್ನು ಕಳೆದುಕೊಳ್ಳಬಾರದು. 12ನೆಯ ತಿಂಗಳಿನಲ್ಲಿ ಸಂಶಯವಿದ್ದರೆ ಮೊದಲು ರೋಗನಿದಾನ ಮಾಡಿದ ಚರ್ಮರೋಗ ತಜ್ಞರಲ್ಲಿಗೇ ಕಡತವನ್ನು ಒಯ್ದು ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ.